ಜರ್ಮನಿಯಲ್ಲಿ ಕೂತು ಬಾಗಲಕೋಟೆಯ ಕಾದಂಬರಿ ಬರೆಯುವಾಗ

1998ರಲ್ಲಿ ನಡೆಯುವ ಕಥೆಯಲ್ಲಿ ಹುಡುಗನೊಬ್ಬ 'ವಿಜಯಪುರ' ಅಂತ ಬೋರ್ಡು ಹಾಕಿದ್ದ ಈಶಾನ್ಯ ಸಾರಿಗೆ ಬಸ್ಸು ಹತ್ತಿದ ಅಂತ ಬರೆದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಈಶಾನ್ಯ ಸಾರಿಗೆ ಸಂಸ್ಥೆ ಹುಟ್ಟಿದ್ದು 2000ದಲ್ಲಿ, ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂದದ್ದು 2021ರಲ್ಲಿ. ಬಿಜಾಪುರ ಸರ್ಕಾರಿ ಕಾಗದದಲ್ಲಿ ವಿಜಯಪುರ ಆದದ್ದು 2014ರ ನವೆಂಬರ್ 1ಕ್ಕೆ. ಹಳ್ಳಿಯ ಹಿರಿಯರ ಬಾಯಲ್ಲಿ ಅದು ಅವತ್ತೂ ಇಜಾಪುರ, ಇವತ್ತೂ ಇಜಾಪುರ. ಊರಲ್ಲಿದ್ದು ಬರೆಯುವವರು ಇಂಥ ತಪ್ಪು ಮಾಡಿದರೆ ಕಟ್ಟೆಯ ಮೇಲೆ ಕೂತವರು ಯಾರಾದರೂ ತಿದ್ದುತ್ತಾರೆ. ಜರ್ಮನಿಯ ಮೂರನೇ ಮಹಡಿಯ ಮನೆಯಲ್ಲಿ ಬರೆಯುವವರಿಗೆ ಆ ಕಟ್ಟೆ ಇಲ್ಲ. ಆ ಕಟ್ಟೆಯ ಕೆಲಸವನ್ನು ಬೇರೆ ಯಾವ ಯಾವ ರೀತಿಯಲ್ಲಿ ಮಾಡಿಕೊಳ್ಳುತ್ತೇವೆ ಅನ್ನುವುದನ್ನು ಊರಿನ ಓದುಗರಿಗೆ, ಅದರಲ್ಲೂ ಮಕ್ಕಳು ಮೊಮ್ಮಕ್ಕಳು ಹೊರಗಿರುವ ಮನೆಯವರಿಗೆ ತಿಳಿಸಬೇಕು ಅನಿಸಿದೆ.

ಊರು ಬಿಟ್ಟವರ ನೆನಪು ಮಾಸುವುದಿಲ್ಲ. ಅದು ಬಿಟ್ಟ ವರ್ಷಕ್ಕೆ ನಿಂತುಬಿಡುತ್ತದೆ. 2003ರಲ್ಲಿ ಹೊರಟವರ ತಲೆಯಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತು ಇದ್ದೇ ಇರುತ್ತದೆ, ಅಂಗಡಿಯವನು ನಾಲ್ಕಾಣೆ ಚಿಲ್ಲರೆ ಕೊಡುತ್ತಲೇ ಇರುತ್ತಾನೆ. ಆ ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿದೆ. ಹಾಗಾಗಿ ಕಾದಂಬರಿಯ ಮೊದಲ ಸಾಲಿಗಿಂತ ಮುಂಚೆ ಒಂದು ಕಾಲಪಟ್ಟಿ ಬೇಕು. ಉದ್ದನೆಯ ಹಾಳೆಯಲ್ಲಿ ಐದು ಮನೆ ಗೀರಿಕೊಳ್ಳಬೇಕು: ವರ್ಷ, ಆ ವರ್ಷಕ್ಕೆ ಪ್ರತಿಯೊಂದು ಪಾತ್ರದ ವಯಸ್ಸು, ಊರಿನಲ್ಲಿ ಆದದ್ದು, ಕೈಯಲ್ಲಿದ್ದ ರೊಕ್ಕ ಮತ್ತು ಫೋನು, ಹೊಲದಲ್ಲಿದ್ದ ಬೆಳೆ. ಐದನೆಯ ಮನೆಯನ್ನು ಬಹಳ ಮಂದಿ ಬಿಡುತ್ತಾರೆ, ಬಿಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಸೀತನಿ (ಸುಟ್ಟ ಎಳೆಯ ಜೋಳ) ತಿನ್ನುವುದು ಡಿಸೆಂಬರ್ ಜನವರಿಯ ಚಳಿಯಲ್ಲಿ, ರಾಶಿ ಅದಾದ ಮೇಲೆ. ಜುಲೈ ತಿಂಗಳ ದೃಶ್ಯದಲ್ಲಿ ಎದೆಮಟ್ಟದ ಬಿಳಿಜೋಳದ ನಡುವೆ ಯಾರನ್ನಾದರೂ ಅಡಗಿಸಿಟ್ಟರೆ ಸಿಂದಗಿಯ ಓದುಗರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಬಾಗಲಕೋಟೆಯ ಕಥೆಗಂತೂ ಈ ಪಟ್ಟಿ ಇಲ್ಲದೆ ಕೈ ಹಾಕಬಾರದು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅಣೆಕಟ್ಟು ಮುಗಿದದ್ದು 2005ರಲ್ಲಿ. ಅಂದರೆ ಮುಳುಗಡೆ ಒಂದು ದಿನದ ಸಂಗತಿಯಲ್ಲ. ನಾಲ್ಕು ದಶಕ ಒಂದೇ ಓಣಿಯವರು 'ಇನ್ನೇನು ಬಂತು' ಅಂತ ಕಾದರು, ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ಅಂತ ಪ್ರತಿ ವರ್ಷ ಲೆಕ್ಕ ಹಾಕಿದರು. ದೂರದಲ್ಲಿದ್ದು ಬರೆಯುವವರು ಇದನ್ನು ಒಂದು ರಾತ್ರಿಯ ಪ್ರವಾಹದಂತೆ ಬರೆಯುವುದು ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ನದಿಯದು. ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯಲ್ಲಿ. ಕೃಷ್ಣೆಗೆ ಕಟ್ಟಿದ ಒಡ್ಡಿನ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಬಂದು ಊರಿಗೆ ಹೊಕ್ಕಿತು. ನೀರು ತಾನು ಹರಿಯುವ ದಿಕ್ಕು ಬಿಟ್ಟು ಹಿಮ್ಮುಖವಾಗಿ ಏರಿತು ಅನ್ನುವುದು ಕಾದಂಬರಿಕಾರರಿಗೆ ಎಷ್ಟು ದೊಡ್ಡ ವಿಷಯ! ಅದನ್ನು ಬರೀ 'ನದಿ ಉಕ್ಕಿತು' ಅಂತ ಬರೆದು ಕಳೆದುಕೊಳ್ಳಬಾರದು. ಪಾತ್ರಗಳು ಆಡುವ ಮಾತೂ ಆ ನೀರಿನ ಜೊತೆ ಬಂದದ್ದೇ: ಮುಳುಗಡೆ, ಪರಿಹಾರ, ಪುನರ್ವಸತಿ, ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟದ ಅಂಕಿಗಳಾದ 519.6 ಮೀಟರ್, 524.256 ಮೀಟರ್. ಹೆಬ್ಬೆಟ್ಟು ಒತ್ತುವ ಮುದುಕರೂ ಈ ಮೀಟರಿನ ಅಂಕಿಗಳನ್ನು ಬಾಯಿಪಾಠ ಹೇಳುವ ಸೀಮೆ ಅದು. ಮುಳುಗಡೆಯಾದವರಿಗೆ ಕಟ್ಟಿದ ನವನಗರಕ್ಕೆ ಹೋದವರ ವಿಳಾಸದಲ್ಲಿ ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ಇಬ್ಬರು ಹಳೆಯ ನೆರೆಯವರು ಭೇಟಿಯಾದಾಗ 'ಈಗ ಯಾವ ಸೆಕ್ಟರ್ರಿ?' ಅಂತ ಕೇಳುವ ಒಂದು ಸಾಲು ಹತ್ತು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗಡಿಯಾರದ ಮಾತಿಗೆ ಬರುತ್ತೇನೆ. ಕಾದಂಬರಿಗೂ ಸಂಸಾರಕ್ಕೂ ಜಗಳ ಹತ್ತುವುದು ಅಲ್ಲೇ. ಊರು ಜರ್ಮನಿಗಿಂತ ಬೇಸಿಗೆಯಲ್ಲಿ ಮೂರೂವರೆ ತಾಸು ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿಯ ಗಡಿಯಾರ ಬದಲಾಗುತ್ತದೆ, ಊರಲ್ಲಿ ಅವ್ವ 'ಯಾಕ ಇವತ್ತ ಫೋನ್ ತಡಾ ಆತು' ಅಂತ ಕಾಯುತ್ತಾಳೆ. ಮನೆಯವರೆಲ್ಲ ಏಳುವ ಮುಂಚೆ, ಐದರಿಂದ ಆರೂವರೆ ತನಕ ಬರೆಯುವುದು ಸಂಸಾರಸ್ಥರಿಗೆ ಒಗ್ಗುವ ಹೊತ್ತು. ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ ಸದ್ದು ಮಾಡಬಾರದು ಅನ್ನುವುದು ಇಲ್ಲಿ ಬಿಗಿಯಾದ ನಿಯಮ. ಆ ಹೊತ್ತಿನಲ್ಲಿ ಮಿಕ್ಸಿ ಹಾಕುವಂತಿಲ್ಲ, ಶೇಂಗಾ ಚಟ್ನಿ ಕುಟ್ಟುವಂತಿಲ್ಲ, ಹೀಗಾಗಿ ಮನೆಗೆಲಸ ನಮ್ಮನ್ನು ಕರೆಯುವುದೂ ಇಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಂತೆ ಮುಗಿಸಿಟ್ಟರೆ ಭಾನುವಾರದ ಮುಂಜಾನೆ ಊರಿನ ಫೋನಿಗೆ ಸಿಗುತ್ತದೆ. ಊರಲ್ಲಿ ಊಟ ಮುಗಿದು ಮಂದಿ ಪಡಸಾಲೆಯಲ್ಲಿ ಅಡ್ಡಾಗುವ ಮಧ್ಯಾಹ್ನ ಎರಡು ಗಂಟೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಆ ಹೊತ್ತಿಗೆ ಕೇಳಿದ ಪ್ರಶ್ನೆಗೆ ನಿಧಾನದ ಉತ್ತರ ಬರುತ್ತದೆ. ಸುಗ್ಗಿಯ ತಿಂಗಳಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ.

ದಿನಕ್ಕೆ 450 ಪದ, ವಾರಕ್ಕೆ ಐದು ದಿನ ಹಿಡಿದರೆ ವಾರಕ್ಕೆ 2,250 ಪದ. ಮೂವತ್ತು ವಾರದಲ್ಲಿ 67,500. ತಿದ್ದುವಾಗ ಏಳೆಂಟು ಸಾವಿರ ಹೋಗಿ 60,000 ಉಳಿದರೆ, ಪುಟಕ್ಕೆ 250 ಪದದಂತೆ ಡೆಮಿ ಆಕಾರದ 240 ಪುಟ, ಹದಿನಾರು ಪುಟದ ಹದಿನೈದು ಫಾರಂ. ಕಾಗದದ ಮೇಲೆ ಇದು ಚೆಂದ ಕಾಣುತ್ತದೆ. ಆದರೆ ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದ ಮೊದಲ ಚಳಿಗಾಲದಲ್ಲಿ ನವೆಂಬರ್‌ನಿಂದ ಫೆಬ್ರುವರಿ ತನಕ ನೆಗಡಿ ಜ್ವರ ಬಿಡುವುದಿಲ್ಲ, ಕೈಯಲ್ಲಿ ಕೂಸನ್ನು ಎತ್ತಿಕೊಳ್ಳಲು ಇಲ್ಲಿ ಆಯಿಯೂ ಇಲ್ಲ, ಚಿಗವ್ವನೂ ಇಲ್ಲ. ಮೂವತ್ತು ವಾರದ ಕೆಲಸಕ್ಕೆ ನಲವತ್ತೈದು ವಾರ ಅಂತ ಮೊದಲೇ ಮನೆಯಲ್ಲಿ ಹೇಳಿಬಿಡುವುದು ಒಳ್ಳೆಯದು. ಹೇಳದೆ ಇದ್ದರೆ ತಪ್ಪಿದ ಪ್ರತಿ ದಿನಕ್ಕೂ ಗಂಡ ಹೆಂಡತಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಸಾಲಗಾರರಾಗುತ್ತಾರೆ. ಬರೆಯುವವರಿಗೆ ಮುಂಜಾನೆಯ ಒಂದೂವರೆ ತಾಸು ಸಿಕ್ಕರೆ, ಬರೆಯದವರಿಗೆ ಸಂಜೆಯ ಒಂದೂವರೆ ತಾಸು ಯಾರೂ ಕೇಳದಂತೆ ಸಿಗಬೇಕು. ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಮನೆಗಳಲ್ಲಿ ಕಾದಂಬರಿ ಮುಗಿಯುತ್ತದೆ. ಬಾಯಿಮಾತಿನ ಒಪ್ಪಂದ ಎರಡು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ.

ನುಡಿಯ ಕೆಲಸ ಇವೆಲ್ಲಕ್ಕಿಂತ ದೊಡ್ಡದು. ನಮ್ಮ ಕಡೆಯ ಮಾತನ್ನು ಬರೆಯುವಾಗ ಹೊರಗಿದ್ದವರ ಕೈ ತಪ್ಪುವುದು ಕೊನೆಯ ಸ್ವರದಲ್ಲಿ. ನಾಮಪದದ ಕೊನೆಯ 'ಎ' ನಮ್ಮಲ್ಲಿ 'ಇ' ಆಗುತ್ತದೆ: ಮನಿ, ಮಳಿ, ಬೆಳಿ, ಕುದುರಿ. ಕ್ರಿಯಾಪದದ ಕೊನೆಯ 'ಎ' ಮಾತ್ರ 'ಅ' ಆಗುತ್ತದೆ: ಬರತಾನ, ಹೋಗ್ಯಾಳ, ಬಂದಾರ. ಚತುರ್ಥಿಯ 'ಗೆ' ಕೂಡ 'ಗ': ನನಗ, ನಿನಗ; 'ಇ'ಯ ಮುಂದೆ ಬಂದರೆ ಮಾತ್ರ 'ಗಿ': ಮನಿಗಿ. ಈ ಮೂರು ಗೆರೆ ಕಣ್ಣ ಮುಂದಿದ್ದರೆ ಅರ್ಧ ತಪ್ಪು ತಾನೇ ಹೋಗುತ್ತದೆ. 'ಐತಿ' ಮತ್ತು 'ಅದ' ಎರಡರಲ್ಲಿ ಯಾವುದು ಅನ್ನುವುದು ಸೂಕ್ಷ್ಮದ ಪ್ರಶ್ನೆ, ಅದನ್ನು ಊರು ಮತ್ತು ಮನೆತನ ಎರಡೂ ಸೇರಿ ತೀರ್ಮಾನ ಮಾಡುತ್ತವೆ. ಕಲಬುರಗಿಯ ಕಡೆ ವಾಲಿದ ಹಳ್ಳಿಗಳಲ್ಲಿ 'ಅದ' ಎಲ್ಲರ ಬಾಯಲ್ಲೂ ಕೇಳುತ್ತದೆ. ಬಾಗಲಕೋಟೆ, ಬೆಳಗಾವಿ ಕಡೆಯ ಒಕ್ಕಲುತನದ ಮನೆಗಳಲ್ಲಿ 'ಐತಿ' ಸಹಜ, ಬ್ರಾಹ್ಮಣರ ಮನೆಗಳಲ್ಲಿ 'ಅದ'. ಒಂದೇ ಪಾತ್ರ ಮೂರನೆಯ ಅಧ್ಯಾಯದಲ್ಲಿ 'ಐತಿ' ಅಂದು ಏಳನೆಯದರಲ್ಲಿ 'ಅದ' ಅಂದರೆ ಊರಿನ ಓದುಗರ ಕಿವಿಗೆ ಅದು ಬೇರೆಯೇ ಮನುಷ್ಯ. ಬೆಳಗಾವಿಯ ಪೇಟೆಯಲ್ಲಿ ಬೆಳೆದ ಪಾತ್ರವಾದರೆ ಮರಾಠಿಯಿಂದ ಬಂದ 'ಖೋಲಿ', 'ವೈನಿ', 'ಪಾವ್ಣೇರು', 'ತಾಬಡತೋಬ' ಯೋಚನೆಯಿಲ್ಲದೆ ಬರಬೇಕು. ಅವುಗಳಿಗೆ ಅಡಿಟಿಪ್ಪಣಿ ಹಾಕಿದರೆ ಅವು ಅತಿಥಿಯಾಗಿಬಿಡುತ್ತವೆ.

ಸಂಶಯ ಬಂದ ಪದಕ್ಕೆ ಜರ್ಮನಿಯಿಂದ ಬಂದವರೇ ಆಸರೆ. ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅವರು ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್ ಊರಿನಲ್ಲಿ. ಆ ನಿಘಂಟಿನಲ್ಲಿ ಕೆಲವು ಪದಗಳ ಮುಂದೆ 'ದಕ್ಷಿಣ ಮರಾಠಾ ಸೀಮೆ' ಅನ್ನುವ ಗುರುತು ಇದೆ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆ ಅದು. ಹೊರಗಿನಿಂದ ಬಂದವರಾದ್ದರಿಂದಲೇ ಯಾವ ಪದ ಎಲ್ಲಿ ಕೇಳಿದೆ ಅಂತ ಬರೆದಿಟ್ಟುಕೊಳ್ಳುವ ಶಿಸ್ತು ಅವರಿಗೆ ಬೇಕಾಯಿತು. ಒಳಗಿನವರಿಗೆ ಆ ಗುರುತಿನ ಅಗತ್ಯವೇ ತೋಚುವುದಿಲ್ಲ. ಕಥೆ ಹತ್ತೊಂಬತ್ತನೆಯ ಶತಮಾನಕ್ಕೆ ಹೋಗುವುದಾದರೆ 1884ರ ಬಿಜಾಪುರ ಜಿಲ್ಲೆಯ ಗ್ಯಾಸೆಟಿಯರ್ ಜೊತೆಗಿರಲಿ. ಬೆಳೆ, ಸಂತೆ, ಬರಗಾಲದ ವಿವರ ಅದರಲ್ಲಿ ಸಿಗುತ್ತದೆ.

ನೆನಪು ಮತ್ತು ವಿವರ ಹೇಗೆ ಬೇರೆ ಅನ್ನುವುದಕ್ಕೆ ಒಂದು ದೃಶ್ಯ ನೋಡೋಣ. ಹೊರಗಿದ್ದು ಬರೆದ ಮೊದಲ ಕರಡಿನಲ್ಲಿ ನೂರಕ್ಕೆ ನೂರು ಹೀಗೊಂದು ಸಾಲು ಇರುತ್ತದೆ: 'ಅವ್ವ ರೊಟ್ಟಿ ಸುಡುತ್ತಿದ್ದಳು. ಅಡಿಗೆಮನೆಯ ತುಂಬ ಹೊಗೆ.' ಇದು ಕ್ಯಾಲೆಂಡರಿನ ಚಿತ್ರ. ಅವ್ವನ ಕೈ ಏನು ಮಾಡುತ್ತಿದೆ ಅನ್ನುವುದು ಇದರಲ್ಲಿಲ್ಲ. ಎಸರು ಕುದಿಯಬೇಕು, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿಯಬೇಕು, ಕೊಣಮಿಗೆಯಲ್ಲಿ ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಅಂಗೈ ಬುಡದಿಂದ ನಾದಬೇಕು. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಬೀಸಿ ಬಹಳ ದಿನವಾದರೆ ಇದ್ದ ಜಿಗಿಯೂ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ರೊಟ್ಟಿಯನ್ನು ಹಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಬದಿ ಮೇಲೆ ಬರುತ್ತದೆ. ಕೂಡಲೇ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಬೇಕು. ತಡವಾದರೆ ಮೇಲ್ಮೈ ಬಿರಿಯುತ್ತದೆ. ನೀರು ಆರಿದ ಮೇಲೆ ತಿರುವಿ, ಬಟ್ಟೆಯಿಂದ ಅಂಚು ಒತ್ತಿದರೆ ಉಬ್ಬುತ್ತದೆ. ಕೊನೆಗೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸುತ್ತಾರೆ. ಈಗ ಕಥೆಗೆ ಬೇಕಾದ ಜಾಗ ತಾನೇ ಕಾಣುತ್ತದೆ: ಮಗ 'ನಾ ಹೊಕ್ಕೇನಿ' ಅಂತ ಸುದ್ದಿ ಹೇಳುವುದು ರೊಟ್ಟಿ ಹಂಚಿಗೆ ಬಿದ್ದ ಮೇಲೆ, ನೀರು ಸವರುವ ಮುಂಚೆ. ಅವ್ವನ ಕೈ ಬಟ್ಟೆಯ ಮೇಲೇ ನಿಲ್ಲುತ್ತದೆ. ರೊಟ್ಟಿ ಬಿರಿಯುತ್ತದೆ. ಅವಳು ಅಳಬೇಕಾಗಿಲ್ಲ. ಅದೇ ರೊಟ್ಟಿ ಜರ್ಮನಿಯ ಅಡಿಗೆಮನೆಗೆ ಬಂದಾಗ ವಿವರ ಮತ್ತೆ ಬದಲಾಗಬೇಕು. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಗಾಜಿನ ಹಾಸಿನ ಕರೆಂಟಿನ ಒಲೆ, ಉರಿ ಇಲ್ಲ, ಆನಿಸಲು ಒಲೆಯ ಬಾಯಿ ಇಲ್ಲ. ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ ಒತ್ತಿ ಮುಗಿಸಬೇಕು.

ಹೊರಗಿನವರಾಗುವುದು ಒಂದೇ ಕಡೆಯಲ್ಲ. ಇಲ್ಲಿ ನಾವು ಇಂಡಿಯಾದವರು, ಬೆಂಗಳೂರಿನ ಸಾಹಿತ್ಯದ ಸಭೆಯಲ್ಲಿ ಉತ್ತರ ಕರ್ನಾಟಕದವರು, ಹುನಗುಂದದ ಮದುವೆ ಮನೆಯಲ್ಲಿ ಫಾರಿನ್ನಿನವರು. ಇದನ್ನು ಕಾದಂಬರಿಯಲ್ಲಿ ಭಾಷಣವಾಗಿ ಬರೆದರೆ ಯಾರೂ ಓದುವುದಿಲ್ಲ. ಬರೆಯುವ ಜಾಗ ಸಂಬೋಧನೆ. ನಾವು ಮೊದಲ ಸಲ ರಜೆಗೆ ಊರಿಗೆ ಹೋದಾಗ ಕೂಡಿ ಆಡಿದ ಗೆಳೆಯ 'ಯಾವಾಗ ಬಂದಿಯೋ?' ಅನ್ನುತ್ತಾನೆ, ಹತ್ತು ವರ್ಷದ ಮೇಲೆ ಅವನೇ 'ಯಾವಾಗ ಬಂದ್ರಿ?' ಅನ್ನುತ್ತಾನೆ. ಅವನು ಮರ್ಯಾದೆಯನ್ನೇ ಕೊಟ್ಟಿದ್ದಾನೆ, ಅದಕ್ಕೇ ಎದೆಗೆ ನಾಟುತ್ತದೆ. ಜರ್ಮನ್ನಿನಲ್ಲೂ 'ಡು' ಮತ್ತು 'ಜೀ' ಅಂತ ಏಕವಚನ, ಬಹುವಚನದ ಭೇದ ಇದೆ. ಅಲ್ಲಿ 'ಡು' ಅನ್ನೋಣ ಅಂತ ಹಿರಿಯರು ಬಾಯಿಬಿಟ್ಟು ಹೇಳಿ ಅಪ್ಪಣೆ ಕೊಡುತ್ತಾರೆ. ನಮ್ಮಲ್ಲಿ ಆ ಬದಲಾವಣೆಯನ್ನು ಯಾರೂ ಹೇಳಿ ಮಾಡುವುದಿಲ್ಲ. ಜರ್ಮನ್ ಪಾತ್ರಗಳ ಮಾತನ್ನು ಕನ್ನಡದಲ್ಲಿ ಬರೆಯುವಾಗ 'ನೀನು', 'ನೀವು' ಇದೇ ಲೆಕ್ಕಕ್ಕೆ ನಡೆಯಬೇಕು, ಮತ್ತು ಅವರ ಕನ್ನಡ ಸಾದಾ ಇರಬೇಕು. ನೆರೆಮನೆಯ ಜರ್ಮನ್ ಅಜ್ಜಿಗೆ ಗ್ರಾಂಥಿಕ ಕನ್ನಡ ಹಾಕಿದರೆ ಅವಳು ಗೊಂಬೆಯಾಗುತ್ತಾಳೆ, ನಮ್ಮ ಜವಾರಿ ಮಾತು ಹಾಕಿದರೆ ಅವಳು ಮುಧೋಳದವಳಾಗುತ್ತಾಳೆ.

ಅಡ್ಡಹೆಸರಿನ ವಿಷಯ ಇನ್ನೂ ನಾಜೂಕು. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಹೂಗಾರ, ಬಡಿಗೇರ ಅನ್ನುವ ಹೆಸರು ಕೇಳಿದ ಕೂಡಲೇ ಕಸುಬು, ಕುಲ, ಕೆಲವೊಮ್ಮೆ ಮನೆಯ ದಿಕ್ಕು ಕೂಡ ಗೊತ್ತಾಗುತ್ತದೆ. ಸಣ್ಣ ಊರಿನಲ್ಲಿ ಒಂದೇ ಉಳ್ಳಾಗಡ್ಡಿ ಮನೆ ಇದ್ದರೆ ಕಾದಂಬರಿಯ ಉಳ್ಳಾಗಡ್ಡಿ ಯಾರು ಅಂತ ಎಲ್ಲರಿಗೂ ತಿಳಿಯಿತು. ತಾಲ್ಲೂಕು ನಿಜದ್ದಿರಲಿ, ಊರು ಕಟ್ಟಿದ್ದಿರಲಿ. ಮನೆಯವರ ಬದುಕಿನಿಂದ ಎತ್ತಿಕೊಂಡ ಪಾತ್ರದಲ್ಲಿ ಕಸುಬು, ಒಡಹುಟ್ಟಿದವರ ಸಂಖ್ಯೆ ಮತ್ತು ಸರದಿ, ಸಾವಿನ ಕಾರಣ, ಈ ಮೂರನ್ನಾದರೂ ಬದಲಿಸಬೇಕು. ಎರಡನ್ನು ಬದಲಿಸಿದರೆ ಕಾಕಾನಿಗೆ ಗೊತ್ತಾಗುತ್ತದೆ. ಆಸ್ತಿಯ ಪಾಲಿನ ಜಗಳ, ಹೆಣ್ಣುಮಕ್ಕಳ ಮದುವೆ ಮುರಿದದ್ದು ಇವುಗಳನ್ನು ಬರೆಯುವ ಮುಂಚೆ ಬದುಕಿರುವವರಿಗೆ ಓದಿ ಹೇಳಲೇಬೇಕು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಪುಸ್ತಕ ಬಂದ ಮೇಲೆ ಅದರ ಬಿಸಿ ತಟ್ಟುವುದು ಊರಲ್ಲಿರುವವರಿಗೆ, ಏಳು ಸಾವಿರ ಕಿಲೋಮೀಟರ್ ದೂರದ ನಮಗಲ್ಲ. ಅದೇ ಹೆಸರು ಜರ್ಮನಿಗೆ ಬಂದಾಗ ಏನಾಗುತ್ತದೆ ನೋಡಿ. ಇಲ್ಲಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರು ಇರುವುದಿಲ್ಲ. ಬಾಗಿಲ ಗಂಟೆಯ ಪಕ್ಕ, ಅಂಚೆ ಡಬ್ಬಿಯ ಮೇಲೆ ಅಡ್ಡಹೆಸರು ಅಂಟಿಸಬೇಕು, ಅಂಟಿಸದಿದ್ದರೆ ಪತ್ರ ಕಳಿಸಿದವರಿಗೇ ವಾಪಸು ಹೋಗುತ್ತದೆ. ಊರಲ್ಲಿ ಮೂರು ತಲೆಮಾರಿನ ಚರಿತ್ರೆ ಹೇಳುತ್ತಿದ್ದ 'ಮೆಣಸಿನಕಾಯಿ' ಇಲ್ಲಿ ಅಂಚೆಯವನು ಕೂಡಿಸಿಕೊಂಡು ಓದುವ ಉದ್ದನೆಯ ಅಕ್ಷರಗಳ ಸಾಲು. ಬಾಡಿಗೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸುವ ಕಚೇರಿಯಲ್ಲಿ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ದೃಶ್ಯ ಹೊರನಾಡಿನ ಯಾವ ಕಾದಂಬರಿಗೂ ಒಳ್ಳೆಯ ಬಾಗಿಲು.

ಮಕ್ಕಳ ಮಾತಿನ ಬಗ್ಗೆ ಊರಿನ ಅಜ್ಜ ಅಜ್ಜಿಯರಿಗೆ ಒಂದು ವಿನಂತಿ. ಇಲ್ಲಿ ಬೆಳೆಯುವ ಮಗುವಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ ಬರುತ್ತದೆ. ಪ್ರತಿ ವಾಕ್ಯ ತಿದ್ದಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ತಪ್ಪು ಬಿಟ್ಟು, ಅದೇ ವಾಕ್ಯವನ್ನು ಸರಿಯಾಗಿ ನಾವೇ ಒಮ್ಮೆ ಅಂದು ಮುಂದೆ ಹೋದರೆ ಸಾಕು. ಕಲಿಸುವುದು ಯಾವ ಕನ್ನಡ? ಮನೆಯದೇ. 'ಮನೆಗೆ ಹೋಗೋಣ' ಆಮೇಲೆ ಪುಸ್ತಕದಿಂದ ಬರುತ್ತದೆ, 'ಮನಿಗಿ ಹೋಗೂಣು' ಮಾತ್ರ ಆಯಿಯ ಬಾಯಿಂದಲೇ ಬರಬೇಕು.

ಇನ್ನು ಹಸ್ತಪ್ರತಿ. ನಾವು ಬರೆಯುವುದು ಯುನಿಕೋಡಿನಲ್ಲಿ. ಅನೇಕ ಡಿಟಿಪಿ ಅಂಗಡಿಗಳು ಇನ್ನೂ ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟುತ್ತವೆ. ಪರಿವರ್ತನೆಯಲ್ಲಿ ಮೊದಲು ಕೆಡುವುದು ಅರ್ಕಾವತ್ತು, ಆಮೇಲೆ 'ಬಸ್‌ಸ್ಟ್ಯಾಂಡ್' ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ಇಟ್ಟ ತಡೆ. ನಡುವೆ ರೋಮನ್ ಲಿಪಿಯ ಜರ್ಮನ್ ಪದವಿದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತದೆ. ಅಂಥ ಪದಗಳನ್ನು ಮೊದಲೇ ಕನ್ನಡ ಲಿಪಿಗೆ ತಂದಿಡಬೇಕು. ಕರಡು ತಿದ್ದುವವರು ಬೇರೆ ಸೀಮೆಯವರಾದರೆ 'ಮನಿ'ಯನ್ನು 'ಮನೆ' ಮಾಡುತ್ತಾರೆ. ಅವರ ಕಣ್ಣಿಗೆ ಅದು ಅಚ್ಚಿನ ತಪ್ಪು. ಹಸ್ತಪ್ರತಿಯ ಜೊತೆ ನಲವತ್ತು ಐವತ್ತು ಪದಗಳ ಪಟ್ಟಿ ಕಳಿಸಿ, 'ಇವುಗಳನ್ನು ಮುಟ್ಟಬೇಡಿ' ಅಂತ ಬರೆಯಬೇಕು. ನಾವೂ ಅವಸರ ಮಾಡಿ 'ಮನೆ'ಯನ್ನೆಲ್ಲ ಒಂದೇ ಏಟಿಗೆ 'ಮನಿ' ಮಾಡಿಸಬಾರದು. ಕಂಪ್ಯೂಟರು 'ಸುಮ್ಮನೆ'ಯನ್ನೂ 'ಸುಮ್ಮನಿ' ಮಾಡಿಡುತ್ತದೆ. ತಿರುಗಿ ಸರಿಪಡಿಸಲು ಹೋದರೆ 'ಗಮನಿಸಿದ' ಹೋಗಿ 'ಗಮನೆಸಿದ' ಆಗುತ್ತದೆ. ಒಂದೊಂದನ್ನೇ ನೋಡಿ ಬದಲಿಸಬೇಕು, 240 ಪುಟಕ್ಕೆ ಎರಡು ಭಾನುವಾರ ಬೇಕು. ಗೌರವಧನ ಬರುವುದಿದ್ದರೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಿರಬೇಕು.

ಪುಟ ಕಟ್ಟುವ ಮುಂಚೆ ಸಂಭಾಷಣೆಗಳನ್ನೆಲ್ಲ ಊರಿನ ಒಬ್ಬ ಹಿರಿಯರಿಗೆ ಫೋನಿನಲ್ಲಿ ಓದಬೇಕು. ಕಥೆ ಹೇಳಬಾರದು, ಯಾರು ಯಾರಿಗೆ ಅನ್ನುತ್ತಾರೆ ಅನ್ನುವುದನ್ನಷ್ಟೇ ಹೇಳಿ ಮಾತು ಓದಬೇಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಅವರಿಗೆ ದಣಿವಾಗುತ್ತದೆ. ಅವರು 'ಹೂಂ' ಅಂದಲ್ಲೆಲ್ಲ ಮುಂದೆ ಹೋಗಬಹುದು. 'ಹಿಂಗ ಯಾರೂ ಅನ್ನಂಗಿಲ್ಲ' ಅಂದರೆ ಅಲ್ಲೇ ನಿಂತು, 'ಮತ್ತ ಹೆಂಗ ಅಂತಾರಬೇ?' ಅಂತ ಕೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆದುಕೊಳ್ಳಬೇಕು.